ಟೈರಿಗೆ ಲಿವರ್ ಹಾಕುವ ಮುನ್ನ

ಮೈಸೂರು

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಸ್ಪ್ಲೆಂಡರ್‌ನ ಹಿಂದಿನ ಟೈರು ಸವೆದಿದೆಯೆಂದೂ, ಮಡಿಕೇರಿಯಲ್ಲಿ ಮಳೆ ಹಿಡಿಯುವುದರೊಳಗೆ ಅದನ್ನು ಮನೆಯಂಗಳದಲ್ಲೇ ನಿನ್ನ ಕೈಯಾರೆ ಬದಲಾಯಿಸುವ ಯೋಚನೆ ನಿನಗಿದೆಯೆಂದೂ ಅಕ್ಕ ಫೋನಿನಲ್ಲಿ ಹೇಳಿದಳು. ಅವಳಿಗೆ ಭಯವಾಗಿದೆ, ನನಗೆ ಸಂತೋಷವಾಗಿದೆ. ಘಟ್ಟದ ರಸ್ತೆಯಲ್ಲಿ ದಿನವೂ ಓಡಾಡುವವನಿಗೆ ತನ್ನ ಗಾಡಿಯ ಚಕ್ರ ಬಿಚ್ಚಿ ಹಾಕುವುದು ಗೊತ್ತಿರಲೇಬೇಕು. ಆದರೆ ಇದು ಬಲದ ಕೆಲಸವೆಂದು ತಿಳಿದು ಕೈಹಾಕಬೇಡ. ನಾನು ಹಾಗೆ ತಿಳಿದೇ ಕೆಟ್ಟವನು. ಅದನ್ನು ಮುಂದೆ ಹೇಳುತ್ತೇನೆ.

ಟೈರು ಕೊಳ್ಳುವಾಗ ಹಳೆಯ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆಯನ್ನು ಬರೆದುಕೊಂಡು ಹೋಗಿ ಅದೇ ಅಳತೆಯದನ್ನು ತೆಗೆದುಕೋ. ಅಗಲದ ಟೈರು ಹಾಕಿದರೆ ಗಾಡಿ ಚೆನ್ನಾಗಿ ಕಾಣುತ್ತದೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಪಕ್ಕದಲ್ಲೇ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಕಡಿಮೆ ಬೆಲೆಗೆ ಕೊಟ್ಟರೂ ಬೇಡವೆನ್ನು. ಟ್ಯೂಬನ್ನೂ ಹೊಸದನ್ನೇ ಕೊಳ್ಳಬೇಕು. ಹಳೆಯ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಅದು ಮಡಿಕೆ ಬೀಳುತ್ತದೆ, ಮಡಿಕೆಯಲ್ಲೇ ಸವೆದು ಒಡೆಯುತ್ತದೆ. ನಿನ್ನದು ಕಡ್ಡಿ ಚಕ್ರದ ಗಾಡಿಯಾದ್ದರಿಂದ ಇಷ್ಟು ಬರೆಯುತ್ತಿದ್ದೇನೆ. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಾಗಿದ್ದರೆ ಅಂಗಡಿಗೇ ಹೋಗೆನ್ನುತ್ತಿದ್ದೆ, ಏಕೆಂದರೆ ಅದನ್ನು ರಿಮ್ಮಿಗೆ ಕೂರಿಸಲು ಕಾಲುಪಂಪಿನ ಗಾಳಿ ಸಾಲದು.

ಚಕ್ರ ಬಿಚ್ಚುವಾಗ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸು. ಬ್ರೇಕ್ ರಾಡಿನ ನಟ್ಟನ್ನೂ, ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ರಾಡಿನ ಬೋಲ್ಟನ್ನೂ ಬಿಚ್ಚಿದ ಮೇಲೆ ಆಕ್ಸಲ್, ಅಂದರೆ ಚಕ್ರದ ನಡುವೆ ಹಾಯುವ ಸರಳಿನ, ನಟ್ಟಿಗೆ ಬರಬೇಕು. ಚೈನಿನ ಕಡೆ ಒಂದರ ಹಿಂದೆ ಒಂದರಂತೆ ಎರಡು ನಟ್ಟುಗಳಿವೆ. ಹೊರಗಿನ ಚಿಕ್ಕದು ಆಕ್ಸಲ್‌ನದು, ಒಳಗಿನ ದೊಡ್ಡದು ಸ್ಲೀವ್ ನಟ್ಟು. ದೊಡ್ಡದನ್ನು ಮುಟ್ಟಬೇಡ. ಅದನ್ನು ಬಿಟ್ಟು ಆಕ್ಸಲನ್ನು ಮಾತ್ರ ಎಳೆದರೆ ಚೈನು ಸುತ್ತುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟೂ ಚೈನೂ ಇದ್ದಲ್ಲೇ ಉಳಿದು ಚಕ್ರ ಮಾತ್ರ ಹೊರಬರುತ್ತದೆ, ಚೈನಿನ ಬಿಗಿ ಕೆಡುವುದಿಲ್ಲ. ನಮ್ಮ ಯಾದವಗಿರಿಯ ಕಾರ್ಖಾನೆಯಿಂದ 1996ರವರೆಗೆ ಹೊರಬರುತ್ತಿದ್ದ ಯೆಜ್ಡಿ ಬೈಕಿನಲ್ಲಿಯೂ ಇದೇ ಅನುಕೂಲವಿತ್ತು. ನಾನು ಈ ಕೆಲಸ ಕಲಿತದ್ದು ಅದರ ಮೇಲೆಯೇ. ಆಕ್ಸಲ್ ಎಳೆದಾಗ ಕೆಳಗೆ ಬೀಳುವ ಬುಷ್ಷನ್ನು, ಅಂದರೆ ಸಣ್ಣ ಕೊಳವೆಯಂಥ ಬಿಡಿಭಾಗವನ್ನು, ತಕ್ಷಣ ಒಂದು ತಟ್ಟೆಗೆ ಹಾಕಿಡು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಟೈರಿನ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆಯೊಂದು ಹುದುಗಿದೆ. ಅದನ್ನು ಬೀಡ್ ಎನ್ನುತ್ತಾರೆ. ಅದು ಹಿಗ್ಗುವುದಿಲ್ಲ, ರಿಮ್ಮಿನ ಅಂಚಾದರೋ ಅದಕ್ಕಿಂತ ದೊಡ್ಡದು. ಹಾಗಿದ್ದರೂ ಟೈರು ಹೊರಬರುವುದು ಹೇಗೆಂದರೆ, ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗಿದೆ. ಬೀಡನ್ನು ಒಂದು ಕಡೆ ಆ ತಗ್ಗಿಗೆ ಇಳಿಸಿದರೆ ಎದುರು ಕಡೆ ಅಷ್ಟು ಸಡಿಲ ಸಿಗುತ್ತದೆ, ಟೈರಿನ ಅಂಚನ್ನು ಮೀಟುವ ಚಪ್ಪಟೆ ಸಲಾಕೆಯಾದ ಲಿವರನ್ನು ಹಾಕಬೇಕಾದದ್ದು ಆ ಸಡಿಲವಿರುವಲ್ಲಿ. ಹಾಕುವಾಗಲೂ ಇದೇ ಲೆಕ್ಕ. ಇದು ತಿಳಿಯದೆ 1988ರಲ್ಲಿ ನಾನು ನನ್ನ ಯೆಜ್ಡಿಗೆ ಟೈರು ಹಾಕುವಾಗ ಕೊನೆಯ ಒಂದು ಗೇಣು ಅಂಚನ್ನು ಮೈಯ ಭಾರವನ್ನೆಲ್ಲ ಬಿಟ್ಟು ಲಿವರಿನಿಂದ ಒಳಗೆ ಹಾರಿಸಿದೆ. ಗಾಳಿ ನಿಂತಿತು, ಗೆದ್ದೆನೆಂದುಕೊಂಡೆ. ಮರುದಿನ ನಿನ್ನ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ನಂಜನಗೂಡಿಗೆ ಹೊರಟವನಿಗೆ ಕಡಕೊಳದ ಹತ್ತಿರ ಗಾಡಿಯ ಹಿಂಭಾಗ ಹಾವಿನಂತೆ ತೊನೆಯತೊಡಗಿತು. ಹೇಗೋ ನಿಲ್ಲಿಸಿದೆ. ಟ್ಯೂಬು ಬಿಚ್ಚಿ ನೋಡಿದರೆ ಲಿವರಿನ ತುದಿಯಷ್ಟೇ ಅಗಲದ ಸೀಳು. ಅಂದು ಎದುರಿಗೊಂದು ಬಸ್ಸು ಬಂದಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಆದ್ದರಿಂದ ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಇಳಿಸು. ಗೋಣಿಚೀಲದ ಮೇಲೆ ಚಕ್ರವನ್ನು ಮಲಗಿಸಿ, ಸುತ್ತಲೂ ತುಳಿದು ಬೀಡನ್ನು ಎರಡೂ ಕಡೆ ರಿಮ್ಮಿನಿಂದ ಬಿಡಿಸಿ, ಸಾಬೂನು ನೀರು ಸವರು. ವಾಲ್ವಿನ ಎದುರು ಕಡೆ ಮಂಡಿಯೂರಿ ಬೀಡನ್ನು ತಗ್ಗಿಗೆ ಒತ್ತಿ ಹಿಡಿದು, ವಾಲ್ವಿನ ಪಕ್ಕದಿಂದ ಲಿವರ್ ಹಾಕಿ ನಾಲ್ಕು ಬೆರಳಿನಷ್ಟೇ ಅಂಚನ್ನು ಎತ್ತುತ್ತಾ ಹೋಗು. ಹೆಚ್ಚು ಬಲ ಬೇಕೆನಿಸಿದ ಕ್ಷಣವೇ ನಿಲ್ಲಿಸಿ, ಎದುರು ಕಡೆಯ ಬೀಡ್ ತಗ್ಗಿನಿಂದ ಮೇಲಕ್ಕೆ ಬಂದಿದೆಯೇ ನೋಡು, ಬಂದೇ ಇರುತ್ತದೆ.

ಹಳೆಯ ಟೈರು ಬಂದ ಮೇಲೆ ರಿಮ್ಮಿನೊಳಗಿನ ರಬ್ಬರ್ ಪಟ್ಟಿಯನ್ನು ಎತ್ತಿ ನೋಡು. ತುಕ್ಕಿದ್ದರೆ ಉಜ್ಜು, ಕಡ್ಡಿಯ ತುದಿ ಮೇಲಕ್ಕೆ ಚಾಚಿದ್ದರೆ ಅರದಿಂದ ತೇಯು, ಪಟ್ಟಿ ಹರಿದಿದ್ದರೆ ಹೊಸದನ್ನು ಹಾಕು. ಹೊಸ ಟೈರಿನ ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಬೇಕು. ಟ್ಯೂಬಿಗೆ ಪೌಡರ್ ಸವರಿ, ಅದು ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಒಳಗಿಡು. ಖಾಲಿ ಟ್ಯೂಬು ಲಿವರಿಗೆ ಸಿಕ್ಕಿಕೊಳ್ಳುತ್ತದೆ. ವಾಲ್ವಿನ ಎದುರಿನಿಂದ ಶುರುಮಾಡಿ ವಾಲ್ವಿನ ಬಳಿಯೇ ಮುಗಿಸಬೇಕು, ಮುಗಿಸುವ ಮುನ್ನ ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಟ್ಯೂಬು ಬೀಡಿನಡಿ ಸಿಕ್ಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕೊನೆಯ ಗೇಣು ಅಂಚು ಬಹುಪಾಲು ಅಂಗೈಯ ಒತ್ತಿಗೇ ಒಳಗೆ ಹೋಗುತ್ತದೆ. ಗಾಳಿ ತುಂಬಿದಾಗ ಟೈರಿನ ಪಕ್ಕದ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿದೆಯೇ ನೋಡು. ಇಲ್ಲದಿದ್ದರೆ ಗಾಳಿ ಇಳಿಸಿ ಮತ್ತೆ ತುಂಬು.

ಚಕ್ರವನ್ನು ಮರಳಿ ಕೂರಿಸುವಾಗ ಟಾರ್ಕ್ ರಾಡನ್ನು ಮರೆಯಬೇಡ. ಇದನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ. ಅದು ಕಳಚಿದ್ದರೆ ಬ್ರೇಕ್ ಒತ್ತಿದೊಡನೆ ಪ್ಲೇಟೇ ಚಕ್ರದೊಂದಿಗೆ ಸುತ್ತಿ ಚಕ್ರ ಕಚ್ಚಿ ನಿಲ್ಲಬಹುದು. ಅದರ ನಟ್ಟು ಬಿಗಿದು ಹೊಸ ಲಾಕ್ ಪಿನ್ ಹಾಕು. ಆಕ್ಸಲ್ ಬಿಗಿದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಬ್ರೇಕನ್ನು ನಾಲ್ಕಾರು ಸಲ ಒತ್ತಿ, ಬೇಕಾದಷ್ಟು ಬಿಗಿ ಮಾಡಿಕೋ. ಒಬ್ಬನೇ ಹೋಗುವಾಗ ಹಿಂದಿನ ಚಕ್ರಕ್ಕೆ 28 ಪಿಎಸ್ಐ ಗಾಳಿ ಸಾಕು, ಹಿಂದೆ ಒಬ್ಬರು ಕುಳಿತರೆ 40ರ ಆಸುಪಾಸು ಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಹಿಡಿ.

ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 150 ಕಿಲೋಮೀಟರ್ ತಿರುವುಗಳಲ್ಲಿ ಗಾಡಿಯನ್ನು ಹೆಚ್ಚು ವಾಲಿಸದೆ, ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಓಡಿಸು. ಕೆಲಸವನ್ನು ಭಾನುವಾರ ಬೆಳಿಗ್ಗೆಯೇ ಹಚ್ಚಿಕೋ, ಸಂಜೆಯ ಮಬ್ಬಿನಲ್ಲಿ ಬೇಡ. ಸೋಮವಾರ ಹೊರಡುವ ಮುನ್ನ ಎಲ್ಲ ನಟ್ಟುಗಳನ್ನೂ ಗಾಳಿಯನ್ನೂ ಇನ್ನೊಮ್ಮೆ ನೋಡಿ, ಅಕ್ಕನಿಗೆ ಒಂದು ಫೋನ್ ಮಾಡು. ಎಲ್ಲಾದರೂ ಕೈ ಸೋತರೆ ಚಕ್ರವನ್ನು ಹಾಗೆಯೇ ಬಿಟ್ಟು ನನಗೆ ಕರೆ ಮಾಡು. ಬೆಳಗಿನ ಮೊದಲ ಬಸ್ಸಿಗೆ ನಾನೇ ಬರುತ್ತೇನೆ.

ಇತಿ ನಿನ್ನ ಸೋದರಮಾವ