ಸೆಂಟ್ರಲ್ ಪಾರ್ಕ್ ನೋಡಿ ಮುಗಿಸಿದೆ ಅಂದ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಕಾಲೇಜು ಶುರುವಾಯಿತು ಅಂತ ನಿನ್ನಮ್ಮ ಹೇಳಿದಳು. ನ್ಯೂಯಾರ್ಕಿಗೆ ಹೋದ ಮೊದಲ ಭಾನುವಾರವೇ ಸೈಕಲ್ ರಿಕ್ಷಾ ಹತ್ತಿ, ಒಂದು ಗಂಟೆಯಲ್ಲಿ ಸೆಂಟ್ರಲ್ ಪಾರ್ಕ್ ನೋಡಿ ಮುಗಿಸಿದೆಯಂತೆ. ಮುಗಿಸಿದೆ ಅನ್ನೋ ಮಾತಿಗೆ ನನಗೆ ನಗು ಬಂತು. 843 ಎಕರೆ ಜಾಗ ಕಣೇ ಅದು. ಉದ್ದವೇ ಸುಮಾರು ನಾಲ್ಕು ಕಿಲೋಮೀಟರ್ ಇದೆ. ಆ ಊರಲ್ಲಿ ಕೆಲಸ ಮಾಡುತ್ತಿದ್ದಾಗ ರಜೆ ಸಿಕ್ಕರೆ ನಾನು ಅಲ್ಲೇ ಇರುತ್ತಿದ್ದೆ. ಅದಕ್ಕೇ ನಾಲ್ಕು ಮಾತು ಬರೆಯುತ್ತಿದ್ದೇನೆ. ಬೇಕಾದ್ದು ಇಟ್ಟುಕೋ, ಬೇಡದ್ದು ಬಿಡು.

ರಿಕ್ಷಾ ವಿಷಯ ಮೊದಲು ಹೇಳಿಬಿಡುತ್ತೇನೆ. ಅವರ ದರ ನಿಮಿಷದ ಲೆಕ್ಕದ್ದು. ಗಾಡಿಯಲ್ಲಿ ದರದ ಬೋರ್ಡು ಇರಲೇಬೇಕು. ನಿಮಿಷಕ್ಕೆ 5 ಡಾಲರ್ ಅಂತ ಬರೆದಿದ್ದರೆ ಗಂಟೆಗೆ 300 ಆಯಿತು. ಹತ್ತುವ ಮೊದಲು ಲೆಕ್ಕ ಹಾಕಬೇಕು. ಆದದ್ದು ಆಯಿತು, ಇನ್ನು ಮೇಲೆ ಕಾಲಿದೆಯಲ್ಲ, ನಡೆ.

ನಡೆಯೋದು ಅಂದರೆ ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಒಂದೇ ಉಸಿರಿಗೆ ಹೋಗಬೇಡ. ಕಾಲು ಸೋಲುತ್ತದೆ, ಏನೂ ತಲೆಯಲ್ಲಿ ಉಳಿಯುವುದಿಲ್ಲ. ಒಂದು ಸಲಕ್ಕೆ ಒಂದು ಪಟ್ಟಿ ಸಾಕು. ಪಾರ್ಕಿನ ಒಂದಿಷ್ಟು ಜಾಗ, ಅದರ ಪಕ್ಕದ ಎರಡು ಮೂರು ಬೀದಿ. ಒಳಗೆ ಹೋಗು, ಹೊರಗೆ ಬಾ, ಮತ್ತೆ ಒಳಗೆ ಹೋಗು. ಆ ಪಾರ್ಕಿನ ನಿಜವಾದ ಕತೆ ಇರೋದು ಅದರ ಅಂಚಿನಲ್ಲಿ. ಯಾರ ಮನೆ ಹೋಯಿತು, ಯಾರ ಮನೆ ಬಂತು ಅನ್ನೋದು ಅಲ್ಲೇ ಗೊತ್ತಾಗೋದು.

ಮೊದಲ ಸಲಕ್ಕೆ ಪಶ್ಚಿಮದ ಕಡೆ ಹೋಗು. ಬಿ ಅಥವಾ ಸಿ ರೈಲು ಹತ್ತಿ 86ನೇ ಬೀದಿಯಲ್ಲಿ ಇಳಿ. ಒಂದು ಬೀದಿ ಕೆಳಗೆ ಬಂದರೆ 85ರಲ್ಲಿ ಮ್ಯಾರಿನರ್ಸ್ ಗೇಟ್. ಗೇಟ್ ಅಂದರೆ ಬಾಗಿಲು ಕದ ಹುಡುಕಬೇಡ, ಕಲ್ಲಿನ ಗೋಡೆಯಲ್ಲಿ ಹೆಸರು ಕೆತ್ತಿರುತ್ತದೆ, ಅಷ್ಟೇ. ಒಂದೊಂದು ದಾರಿಗೂ ಒಂದೊಂದು ಬಗೆಯ ಜನರ ಹೆಸರು: ಕುಶಲಕರ್ಮಿಗಳದ್ದು, ವ್ಯಾಪಾರಿಗಳದ್ದು, ಹೆಂಗಸರದ್ದು. 106ನೇ ಬೀದಿಯಲ್ಲಿ ಸ್ಟ್ರೇಂಜರ್ಸ್ ಗೇಟ್ ಅಂತ ಒಂದಿದೆ, ಹೊರಗಿನಿಂದ ಬಂದವರಿಗೆ ಅಂತ ಇಟ್ಟದ್ದು. ಒಂದು ದಿನ ನೀನು ಅದರಲ್ಲೂ ಒಳಗೆ ಹೋಗು, ಹಕ್ಕಿನಿಂದ ಹೋಗು.

85ರ ದಾರಿಯಲ್ಲಿ ಒಳಗೆ ಕಾಲಿಟ್ಟರೆ ಹುಲ್ಲು, ಮರ, ಏರು ತಗ್ಗು. ಸುಮ್ನೆ ದಾಟಿ ಹೋಗುವವರೇ ಜಾಸ್ತಿ. ನೀನು ನಿಂತುಕೋ. ಅಲ್ಲಿ ಸೆನೆಕಾ ವಿಲೇಜ್ ಅಂತ ಒಂದು ಊರಿತ್ತು, 82ರಿಂದ 89ನೇ ಬೀದಿಯವರೆಗೆ. 1825ರಲ್ಲಿ ಆಂಡ್ರ್ಯೂ ವಿಲಿಯಮ್ಸ್ ಅನ್ನೋ ಕರಿಯ ಯುವಕ, ಬೂಟು ಪಾಲಿಶ್ ಮಾಡುತ್ತಿದ್ದವನು, 125 ಡಾಲರ್ ಕೊಟ್ಟು ಮೂರು ಸೈಟು ಕೊಂಡ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಹೋಗಿದ್ದು 1827ರಲ್ಲಿ. ಅದಕ್ಕೂ ಎರಡು ವರ್ಷ ಮೊದಲಿನ ಮಾತಿದು. ಅಲ್ಲಿ ಜಾಗ ಕೊಳ್ಳೋದಕ್ಕೆ ಒಂದು ಕಾರಣವೂ ಇತ್ತು. ಕರಿಯ ಗಂಡಸರಿಗೆ ಓಟು ಬೇಕಿದ್ದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ಬಿಳಿಯರಿಗೆ ಆ ಷರತ್ತು ಇರಲಿಲ್ಲ. 1855ರ ಹೊತ್ತಿಗೆ ಸುಮಾರು 225 ಜನ, ಮೂರು ಚರ್ಚು, ಒಂದು ಸ್ಕೂಲು. ಐರಿಶ್ ಜನರೂ ಬಂದು ಸೇರಿಕೊಂಡಿದ್ದರು.

ಆಮೇಲೆ ಊರಿಗೆ ದೊಡ್ಡ ಪಾರ್ಕ್ ಬೇಕು ಅಂತ ಸರ್ಕಾರ ಜಾಗ ವಶಪಡಿಸಿಕೊಂಡಿತು. ಆಗಿನ ಪತ್ರಿಕೆಗಳು ಅಲ್ಲಿರೋರೆಲ್ಲ ಜೋಪಡಿಯವರು ಅನ್ನೋ ಹಾಗೆ ಬರೆದವು. 1857ಕ್ಕೆ ಊರು ಖಾಲಿ. ಪರಿಹಾರ ಕೊಟ್ಟರು, ಆದರೆ ಕೊಟ್ಟದ್ದು ಸಾಲದು ಅಂತ ಜಗಳವಾಡಿದವರೂ ಇದ್ದರು. ಈಗ ಅಲ್ಲಿ ವಿವರ ಬರೆದ ಫಲಕಗಳಿವೆ. ಒಂದೊಂದನ್ನೂ ಓದು. ಅದನ್ನು ಓದಿದ ಮೇಲೂ ಆ ಪಾರ್ಕ್ ನನಗೆ ಇಷ್ಟವೇ. ಎರಡೂ ಮನಸ್ಸಲ್ಲಿ ಇರಲಿ, ತಪ್ಪಿಲ್ಲ.

ಪಾರ್ಕ್ ಹೇಗಿರಬೇಕು ಅನ್ನೋ ಸ್ಪರ್ಧೆಯಲ್ಲಿ 1858ರಲ್ಲಿ ಗೆದ್ದದ್ದು ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಅನ್ನೋ ಇಬ್ಬರ ನಕ್ಷೆ. ನೋಡಿದರೆ ಎಲ್ಲ ತಾನಾಗೇ ಬೆಳೆದ ಹಾಗಿದೆ, ಅಲ್ವಾ? ಕೆರೆಗಳೆಲ್ಲ ತೋಡಿದ್ದು, ನೀರು ಪೈಪಿನದ್ದು. ಊರಿನ ಗಾಡಿ ಅಡ್ಡ ಹಾಯಲು ನಾಲ್ಕು ರಸ್ತೆಗಳಿವೆ, ಅವನ್ನು ತಗ್ಗಿನಲ್ಲಿ ಇಳಿಸಿದ್ದಾರೆ. ನಿನ್ನ ಕಾಲ ಕೆಳಗೆ ಬಸ್ಸು ಹೋಗುತ್ತಿದ್ದರೂ ಗೊತ್ತಾಗುವುದಿಲ್ಲ. ಹಳೆಯದು ಅಂದರೆ ಬಂಡೆ ಮಾತ್ರ. ದಕ್ಷಿಣದಲ್ಲಿ, ಮಕ್ಕಳ ಆಟದ ಜಾಗದ ಹತ್ತಿರ ಅಂಪೈರ್ ರಾಕ್ ಅಂತಿದೆ. ಕೈಯಿಟ್ಟು ಸವರಿದರೆ ಉದ್ದುದ್ದ ಗೀರು ಸಿಗುತ್ತದೆ. ಹಿಮಯುಗದಲ್ಲಿ ಹಿಮದ ರಾಶಿ ಕಲ್ಲುಗಳನ್ನು ಎಳೆದುಕೊಂಡು ಹೋದಾಗ ಆದದ್ದು.

ದಾರಿ ತಪ್ಪುತ್ತದೆ, ತಪ್ಪಲಿ. ಫೋನು ತೆಗೆಯುವ ಮೊದಲು ಹತ್ತಿರದ ದೀಪದ ಕಂಬ ನೋಡು. ಕಂಬದ ಮೇಲೆ ಸಣ್ಣ ತಗಡಿನಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲಿನವು ಹತ್ತಿರದ ಬೀದಿ ಯಾವುದು ಅಂತ ಹೇಳುತ್ತವೆ. ಕೊನೆಯದು ಸಮಸಂಖ್ಯೆ ಆದರೆ ಪೂರ್ವದ ಕಡೆ, ಬೆಸ ಆದರೆ ಪಶ್ಚಿಮದ ಕಡೆ. 7204 ಅಂತಿದ್ದರೆ 72ನೇ ಬೀದಿ ಹತ್ತಿರ, ಪೂರ್ವದ ಕಡೆ ಇದ್ದೀಯ. ಅಲ್ಲೇ ಹುಟ್ಟಿ ಬೆಳೆದವರಿಗೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಪಾರ್ಕಿನ ಒಳಗಿನ ಬೆಥೆಸ್ಡಾ ಟೆರೇಸಿಗೆ ಹೋದಾಗ ಎಲ್ಲರೂ ಕಾರಂಜಿಯ ದೇವದೂತೆಯ ಫೋಟೋ ತೆಗೆಯುತ್ತಿರುತ್ತಾರೆ. ನೀನೂ ತೆಗೆ, ಬೇಡ ಅನ್ನಲ್ಲ. ಎಮಾ ಸ್ಟೆಬಿನ್ಸ್ ಅನ್ನೋ ಹೆಂಗಸು ಮಾಡಿದ್ದು, 1873ರಲ್ಲಿ ಅನಾವರಣವಾಯಿತು. ಊರಿಗೆ 1842ರಲ್ಲಿ ಕ್ರೋಟನ್ ನದಿಯ ಒಳ್ಳೆ ನೀರು ಬಂತಲ್ಲ, ಅದರ ನೆನಪಿಗೆ. ಆದರೆ ಅಲ್ಲಿ ನನಗೆ ಪ್ರೀತಿ ಮೆಟ್ಟಿಲ ಹತ್ತಿರದ ಕಲ್ಲಿನ ಕಂಬಗಳು. ಒಂದು ಕಡೆ ಹಗಲು, ಸೂರ್ಯ, ಕೋಳಿ. ಇನ್ನೊಂದು ಕಡೆ ರಾತ್ರಿ. ಗೂಬೆ ಇದೆ, ಬಾವಲಿ ಇದೆ, ಪೊರಕೆ ಮೇಲೆ ಹಾರುವ ಮಾಟಗಾತಿಯೂ ಇದ್ದಾಳೆ. ಬಗ್ಗಿ ಹುಡುಕಬೇಕು.

ಅಲ್ಲಿಂದ 72ನೇ ಬೀದಿಗೆ ಪಶ್ಚಿಮಕ್ಕೆ ಹೊರಗೆ ಬಾ. ಎದುರಿಗೇ ಡಕೋಟಾ, 1884ರ ಕಟ್ಟಡ. ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್ ಇದ್ದದ್ದು ಅಲ್ಲಿ, 1980ರಲ್ಲಿ ಅವನನ್ನು ಕೊಂದದ್ದು ಅದರ ಬಾಗಿಲಲ್ಲೇ. ಅಲ್ಲಿ ಗುಂಪು ಇದ್ದೇ ಇರುತ್ತದೆ, ಜಾಸ್ತಿ ಹೊತ್ತು ನಿಲ್ಲಬೇಡ. ಎಪ್ಪತ್ತು, ಎಂಬತ್ತರ ನಂಬರಿನ ಒಳಬೀದಿಗಳಿಗೆ ತಿರುಗು. ಸಾಲಾಗಿ ಬ್ರೌನ್‌ಸ್ಟೋನ್ ಮನೆಗಳು, ಬೀದಿಯಿಂದ ನೇರ ಮೇಲಕ್ಕೆ ಮೆಟ್ಟಿಲು. ಕಂದು ಕಲ್ಲು ಎದುರಿನ ಗೋಡೆಗೆ ಮಾತ್ರ, ಒಳಗೆಲ್ಲ ಇಟ್ಟಿಗೆ. ಆ ಕಲ್ಲು ಹಪ್ಪಳದ ಹಾಗೆ ಪದರ ಏಳುತ್ತದೆ. ಎಷ್ಟೋ ಕಡೆ ಅದೇ ಬಣ್ಣದ ಸಿಮೆಂಟು ಮೆತ್ತಿದ್ದಾರೆ, ಹತ್ತಿರ ಹೋದರೆ ತಿಳಿಯುತ್ತದೆ. ತಲೆ ಎತ್ತಿದರೆ ದೊಡ್ಡ ಕಟ್ಟಡಗಳ ತಾರಸಿಯಲ್ಲಿ ಮರದ ನೀರಿನ ಟ್ಯಾಂಕು. ಬೀದಿ ಪೈಪಿನ ಒತ್ತಡ ಆರು ಅಂತಸ್ತಿಗಿಂತ ಮೇಲೆ ಸಾಲದು, ಹಾಗಾಗಿ ಮೇಲಕ್ಕೆ ಪಂಪ್ ಮಾಡಿ ಬಿಡುತ್ತಾರೆ. ಇವತ್ತಿಗೂ ಅದೇ ಮರದ ಟ್ಯಾಂಕೇ.

ಪೂರ್ವದ ಕಡೆ, ಫಿಫ್ತ್ ಅವೆನ್ಯೂ, ನನಗೆ ಅಷ್ಟಾಗಿ ಸೇರುವುದಿಲ್ಲ. ಬಾಗಿಲಲ್ಲಿ ಕೋಟು ಹಾಕಿದ ಕಾವಲಿನವನು, ಮುಚ್ಚಿದ ಪರದೆ. ಅಲ್ಲಿರುವ ಮೆಟ್ ಅನ್ನೋ ದೊಡ್ಡ ಕಲಾ ಮ್ಯೂಸಿಯಂಗೆ ಮಾತ್ರ ಹೋಗು. ನ್ಯೂಯಾರ್ಕಿನ ವಿದ್ಯಾರ್ಥಿಗಳು ಐಡಿ ತೋರಿಸಿದರೆ ಕೈಲಾದಷ್ಟು ಕೊಟ್ಟು ಒಳಗೆ ಹೋಗಬಹುದು. ಬುಧವಾರ ರಜೆ.

ಉತ್ತರದ ತುದಿಗೆ ಪ್ರವಾಸಿಗಳು ಕಡಿಮೆ, ಅದಕ್ಕೇ ಅದು ಚೆನ್ನ. 105ನೇ ಬೀದಿಯಲ್ಲಿ ಹೂವಿನ ಕನ್ಸರ್ವೇಟರಿ ಗಾರ್ಡನ್, ಅದನ್ನು ದಾಟಿದರೆ ಹಾರ್ಲೆಮ್ ಮೀರ್ ಕೆರೆ. 110ಕ್ಕೆ ಪಾರ್ಕ್ ಮುಗಿದು ಹಾರ್ಲೆಮ್ ಬಡಾವಣೆ ಶುರು. ಅಲ್ಲಿಂದ 125ನೇ ಬೀದಿವರೆಗೆ ನಡೆ. ಇಪ್ಪತ್ತು ಬೀದಿಗೆ ಒಂದು ಮೈಲಿ ಅಂತ ಲೆಕ್ಕ ಇಟ್ಟುಕೋ, ಹಾಗಾಗಿ ಇದು ದೂರವೇನಲ್ಲ.

ಕತ್ತಲಾದ ಮೇಲೆ ಪೊದೆ ಜಾಸ್ತಿ ಇರುವ ರ‍್ಯಾಂಬಲ್ ಕಡೆ ಒಬ್ಬಳೇ ಹೋಗಬೇಡ. ರಾತ್ರಿ ಒಂದರಿಂದ ಬೆಳಗ್ಗೆ ಆರರವರೆಗೆ ಪಾರ್ಕ್ ಮುಚ್ಚಿರುತ್ತದೆ. ಹೊಸ ಶೂ ಹಾಕಿಕೊಂಡು ಹೊರಡಬೇಡ, ಹಳೆಯದೇ ವಾಸಿ. ಎಲ್ಲಾದರೂ ಕೂತಾಗ ಪಕ್ಕದ ಕಂಬದ ನಂಬರ್ ಬರೆದು ಕಳಿಸು, ಯಾವ ಬೆಂಚು ಅಂತ ನಾನು ಹೇಳಲು ನೋಡುತ್ತೇನೆ. ನಿನ್ನಮ್ಮನಿಗೆ ವಾರಕ್ಕೊಂದು ಸಲವಾದರೂ ಫೋನು ಮಾಡು, ಮೆಸೇಜು ಸಾಲದು ಅಂತಾಳೆ.

ನಿನ್ನ ದೊಡ್ಡಮ್ಮ