ನಿನ್ನ ಲೆಕ್ಕದ ಹಾಳೆ ನೋಡಿದೆ

ಕುಮಟೆ
ಭಾನುವಾರ ರಾತ್ರಿ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದ.

ನಾವೆಲ್ಲ ಇಲ್ಲಿ ಆರಾಮು. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಚೌತಿಗೆ ಬಂದವನು ಚಕ್ಕುಲಿ ಡಬ್ಬಿ ಇಲ್ಲೇ ಬಿಟ್ಟು ಹೋದೆ. ನಿನ್ನ ಅತ್ತೆ ಅದನ್ನು ಯಾರಿಗೂ ಮುಟ್ಟಲು ಕೊಟ್ಟಿಲ್ಲ.

ಚೌತಿ ದಿನ ಊಟ ಆದ ಮೇಲೆ ಜಗುಲಿಯಲ್ಲಿ ಕೂತು, ಫೋನಿನಲ್ಲಿ ದುಡ್ಡು ಕಟ್ಟಿ ಚಕ್ರ ತಿರುಗಿಸುವ ಸ್ಲಾಟ್ ಆಟದ ಲೆಕ್ಕ ಅಂತ ಒಂದು ಎಕ್ಸೆಲ್ ಹಾಳೆ ತೋರಿಸಿದ್ದೆಯಲ್ಲ, ಅದರ ಬಗ್ಗೆ ಬರೆಯಬೇಕು ಅಂತ ಅವತ್ತಿನಿಂದಲೇ ಅಂದುಕೊಂಡಿದ್ದೇನೆ. "ಮಾವ, ಎಲ್ಲರ ಹಾಗೆ ಹುಚ್ಚುಚ್ಚಾಗಿ ಆಡೋದಿಲ್ಲ. ದಿನಕ್ಕೆ 300 ಮಿತಿ. ಎಲ್ಲದಕ್ಕೂ ಲೆಕ್ಕ ಇದೆ" ಅಂದೆ. ನಾನು ಆಗ ಬೈಯಲಿಲ್ಲ. ನೆಂಟರೆಲ್ಲ ಇದ್ದರು ಅನ್ನೋದು ಒಂದು. ಇನ್ನೊಂದು, ಲೆಕ್ಕ ಬರೆಯುವವನನ್ನು ಕಂಡರೆ ನನಗೆ ಮೊದಲಿಂದಲೂ ಮರ್ಯಾದೆ. 31 ವರ್ಷ ಪಿಗ್ಮಿ ಚೀಲ ಹೊತ್ತು, ಅಂದರೆ ಜನ ದಿನಾ ಸ್ವಲ್ಪ ಸ್ವಲ್ಪ ಉಳಿಸುವ ದುಡ್ಡನ್ನು ಬ್ಯಾಂಕಿಗೆ ಕೂಡಿಸುತ್ತ, ಇದೇ ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿದವನು ನಾನು. ಆ ಹಾಳೆಯನ್ನು ವಾಟ್ಸಾಪ್ ಮಾಡು ಅಂತ ಕೇಳಿ ಇಸಕೊಂಡಿದ್ದು ಅದಕ್ಕೇ. ಎರಡು ರಾತ್ರಿ ಕೂತು ನೋಡಿದೆ.

ನೋಡಿದ್ದು ಹೇಳುತ್ತೇನೆ. 60 ದಿನದ ಲೆಕ್ಕ ಇದೆ. ನೀನು ಹಾಕಿದ್ದು ಒಟ್ಟು 41,300. ಮಿತಿ ಮೀರದ ದಿನ 43. ಅಷ್ಟೂ ದಿನ ಸೇರಿ ಹಾಕಿದ್ದು 12,900. ಉಳಿದ 17 ದಿನ ಇದೆಯಲ್ಲ, ಅಷ್ಟರಲ್ಲೇ 28,400. ನೀನು ನನಗೆ ತೋರಿಸಿದ್ದು ಆ 43 ದಿನವನ್ನು. ದುಡ್ಡು ಹೋದದ್ದು 17 ದಿನದಲ್ಲಿ. ಅದರಲ್ಲೂ 11 ಸಲ ಎರಡನೇ ಕಂತು ಬಿದ್ದದ್ದು ರಾತ್ರಿ ಹನ್ನೊಂದರ ಮೇಲೆ. ಸಮಯ ಬರೆದಿಟ್ಟಿದ್ದು ಒಳ್ಳೇದಾಯಿತು, ಇಲ್ಲದಿದ್ದರೆ ನನಗೂ ಕಾಣುತ್ತಿರಲಿಲ್ಲ.

ಇನ್ನೊಂದು ಕಾಲಮ್ಮಿಗೆ 'ಗೆಲುವು' ಅಂತ ಹೆಸರಿಟ್ಟು 62,000 ಬರೆದಿದ್ದೀಯ. ನಿನ್ನ ಬ್ಯಾಂಕಿಗೆ ಬಂದದ್ದು ಎಷ್ಟು? ಹಾಳೆಯ ಕೊನೆಯಲ್ಲಿ ನೀನೇ ಬರೆದ ಪ್ರಕಾರ 17,800. ಉಳಿದದ್ದು ಪರದೆ ಮೇಲೆ ಬಂತು, ಪರದೆ ಮೇಲೇ ಮತ್ತೆ ತಿರುಗಿತು, ಹೋಯಿತು. ಪಾಸ್‌ಬುಕ್ಕಿಗೆ ಬೀಳದ ದುಡ್ಡನ್ನು ಜಮೆ ಕಡೆ ಬರೆದಿದ್ದರೆ ನನ್ನ ಮ್ಯಾನೇಜರು ಪುಸ್ತಕ ಎಸೆಯುತ್ತಿದ್ದರು. 41,300ರಲ್ಲಿ 17,800 ಕಳೆ. 23,500. ನಿನ್ನ ಲೆಕ್ಕದಲ್ಲಿ ಇರುವ ನಿಜವಾದ ಅಂಕಿ ಅದೊಂದೇ.

ದಿನಕ್ಕೆ 300 ಅಂದರೆ ಸಣ್ಣದು ಅನ್ನಿಸುತ್ತದೆ ಅಲ್ವಾ? ಪಿಗ್ಮಿ ನಡೆಯುವುದೂ ಅದರ ಮೇಲೇ. 1928ರಲ್ಲಿ ಉಡುಪಿಯಲ್ಲಿ ಈ ಪದ್ಧತಿ ಶುರುವಾದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಎರಡಾಣೆ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅದೇ ಅದರ ಗುಟ್ಟು. ನಮ್ಮ ಮೀನುಪೇಟೆಯಲ್ಲಿ ಒಬ್ಬಳು ಅಜ್ಜಿ ಇದ್ದಳು. ಬಂಗಡೆ ಬುಟ್ಟಿ ಖಾಲಿಯಾಗುವ ಹೊತ್ತಿಗೆ ನಾನು ಹೋಗಬೇಕು. ಸೊಂಟದ ಸಂಚಿಯಿಂದ ಒದ್ದೆ ಇಪ್ಪತ್ತರ ನೋಟು ತೆಗೆದು, ಸೆರಗಿಗೆ ಒರೆಸಿ ಕೊಡುವಳು. ನಾನು ಬರೆದು ಮುಗಿಸುವ ತನಕ ಪೆನ್ನಿನ ಮೇಲಿಂದ ಕಣ್ಣು ತೆಗೆಯುವವಳಲ್ಲ. ಓದು ಬರುತ್ತಿರಲಿಲ್ಲ, ಆದರೆ 20 ಬರೆದೆನೋ 10 ಬರೆದೆನೋ ಅನ್ನೋದು ಕೈ ತಿರುಗುವುದರಲ್ಲೇ ತಿಳಿಯುತ್ತಿತ್ತು. ಮನೆಗೆ ಹಂಚು ಹೊದೆಸಿದ್ದು ಆ ದುಡ್ಡಿನಲ್ಲಿ.

ದಿನಕ್ಕೆ 300ರ ಹಾಗೆ ವರ್ಷಕ್ಕೆ 1,09,500 ಆಗುತ್ತದೆ. ನೀನೂ ಪಿಗ್ಮಿಯನ್ನೇ ಕಟ್ಟುತ್ತಿದ್ದೀಯ ಮಾರಾಯ. ಕಲೆಕ್ಟರ್ ಮಾತ್ರ ವಾಪಸ್ ಕೊಡುವ ಪೈಕಿ ಅಲ್ಲ.

ಈಗ ಆಟದ ವಿಷಯ. ನನಗೆ ಸ್ಲಾಟ್ ಗೊತ್ತಿಲ್ಲ ಅಂದುಕೊಳ್ಳಬೇಡ. ನಿನ್ನ ತಂಗಿಯ ಹತ್ತಿರ ಫೋನಿನಲ್ಲಿ ದುಡ್ಡಿಲ್ಲದ ಆಟ ಹಾಕಿಸಿಕೊಂಡು ಒಂದು ತಾಸು ಒತ್ತಿದೆ. 20ರ ಆಟ ಹಾಕಿದೆ, 8 ಬಂತು. ಗಂಟೆ ಬಾರಿಸಿತು, ನಾಣ್ಯ ಸುರಿಯಿತು, ದೀಪ ಮಿನುಗಿತು. 12 ಕಳೆದುಕೊಂಡವನಿಗೆ ಇಷ್ಟೊಂದು ಸಂಭ್ರಮ! ಎರಡು ಏಳು ಬಂದು ಮೂರನೆಯದು ಸ್ವಲ್ಪದರಲ್ಲೇ ಜಾರಿ ಹೋಗುತ್ತದಲ್ಲ, ಆಗ 'ಅಯ್ಯೋ, ಇಷ್ಟರಲ್ಲಿ ತಪ್ಪಿತು' ಅಂತ ನನಗೂ ಅನ್ನಿಸಿತು. ಆದರೆ ಅಲ್ಲಿ ಚಕ್ರವೇ ಇಲ್ಲ. ನೀನು ಬಟನ್ ಒತ್ತಿದ ಕ್ಷಣಕ್ಕೆ ಕಂಪ್ಯೂಟರ್ ಒಂದು ಅಂಕಿ ಎತ್ತಿ ಆಗಿರುತ್ತದೆ. ಆಮೇಲೆ ತಿರುಗುವುದೆಲ್ಲ ಬರೀ ವೇಷ. ಹಿಂದಿನ ಐವತ್ತು ಸಲ ಬರಲಿಲ್ಲ ಅನ್ನೋದು ಅದಕ್ಕೆ ನೆನಪಿಲ್ಲ. ಹಾಗಾಗಿ 'ಈಗ ಬರಲೇಬೇಕು' ಅನ್ನುವ ಮಾತಿಗೆ ಅರ್ಥವೇ ಇಲ್ಲ.

ನೂರಕ್ಕೆ 96 ವಾಪಸ್ ಬರುತ್ತದೆ ಅಂತ ಬರೆದಿರುತ್ತಾರೆ ಅಂದೆ. ಆಗಲಿ, ಅದನ್ನೇ ನಂಬೋಣ. 96 ಅನ್ನೋದು ನೀನು ತಂದ ದುಡ್ಡಿನ ಮೇಲಲ್ಲ, ಒಂದೊಂದು ಒತ್ತಿನ ಮೇಲೆ. ಆರು ಸೆಕೆಂಡಿಗೊಂದು ಒತ್ತಿದರೆ ಗಂಟೆಗೆ 600. ಹತ್ತು ರೂಪಾಯಿಯ ಹಾಗೆ 6,000 ತಿರುಗುತ್ತದೆ. ಅದರಲ್ಲಿ ನೂರಕ್ಕೆ 4 ಅವರದ್ದು. ಸರಾಸರಿ ಗಂಟೆಗೆ 240.

ಇದನ್ನು ಗುಡಗುಡಿ ಜೊತೆ ಹೋಲಿಸಿ ನೋಡಿದೆ. ಗುಡಗುಡಿ ನಿನಗೆ ಗೊತ್ತೋ ಇಲ್ಲವೋ. ಬಯಲಾಟ ಆಗುವಾಗ ಗದ್ದೆಯ ಆಚೆ ತುದಿಯಲ್ಲಿ ಹಾಸಿನ ಮೇಲೆ ಆರು ಚಿತ್ರ ಇರುತ್ತಿದ್ದವು: ಇಸ್ಪೀಟು, ಆಟೀನು, ಕಳಾವರ, ಡೈಮನ್, ಕಿರೀಟ, ಬಾವುಟ. ಡಬ್ಬಿಯಲ್ಲಿ ಮೂರು ದಾಳ ಹಾಕಿ ಅಲ್ಲಾಡಿಸಿ ಕವುಚುವುದು. ನೀನು ಕಟ್ಟಿದ ಚಿತ್ರ ಒಂದು ದಾಳದಲ್ಲಿ ಬಂದರೆ ಒಂದಕ್ಕೆ ಒಂದು, ಎರಡರಲ್ಲಿ ಬಂದರೆ ಎರಡು, ಮೂರರಲ್ಲೂ ಬಂದರೆ ಮೂರು. ಮೋಸ ಇಲ್ಲದ ದಾಳವಾದರೂ 216 ಸಲ ಒಂದೊಂದು ರೂಪಾಯಿ ಕಟ್ಟಿದರೆ ಸರಾಸರಿ 17 ರೂಪಾಯಿ ಆಡಿಸುವವನಿಗೆ. ಅಂದರೆ ರೂಪಾಯಿಗೆ ಹತ್ತಿರ ಹತ್ತಿರ 8 ಪೈಸೆ. ಸ್ಲಾಟಿಗಿಂತ ಇದೇ ದುಬಾರಿ. ಆದರೆ ಅವನು ಡಬ್ಬಿ ಕವುಚಿ, ದುಡ್ಡು ಹಂಚಿ, ಬೀಡಿ ಹೊತ್ತಿಸಿ ಮತ್ತೆ ಎತ್ತುವಾಗ ಎರಡು ನಿಮಿಷ ಆಗುತ್ತಿತ್ತು. ಗಂಟೆಗೆ 30 ಆಟ. ಹತ್ತರ ಹಾಗೆ ಕಟ್ಟಿದರೂ ಹೋಗುವುದು 24 ರೂಪಾಯಿ. ನಿನ್ನ ಫೋನು ಅದರ ಹತ್ತರಷ್ಟು ತಿನ್ನುತ್ತದೆ. ವೇಗವೇ ಅದರ ಹಲ್ಲು.

ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತ ಕೇಳುತ್ತೀಯ. ನಾನೂ ಕಟ್ಟಿದ್ದೇನೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಬಯಲಾಟ ನೋಡಲು ಹೋದವನು, ಸಂಜೆಯ ಕಲೆಕ್ಷನ್ ಚೀಲ ಹೆಗಲ ಮೇಲೇ ಇತ್ತು. ನನ್ನದು 25 ರೂಪಾಯಿ ಹೋಯಿತು. ಅಲ್ಲಿಗೆ ಎದ್ದಿದ್ದರೆ ಇದು ಕತೆಯೇ ಅಲ್ಲ. 25 ವಾಪಸ್ ಬಂದರೆ ಸಾಕು, ಜಾಸ್ತಿ ಬೇಡ ಅಂತ ಚೀಲದ ಜಿಪ್ ಎಳೆದೆ. ಸೋತಷ್ಟೂ ಎರಡು ಪಟ್ಟು ಕಟ್ಟುತ್ತ ಹೋದೆ. ಯಾರೋ ಹೇಳಿಕೊಟ್ಟ ಬುದ್ಧಿ, ನಿನ್ನ ಟೆಲಿಗ್ರಾಂ ಗುಂಪಿನಲ್ಲೂ ಅದನ್ನೇ ಹೇಳುತ್ತಾರೆ ಅಂದೆಯಲ್ಲ. ಹತ್ತರಿಂದ ಶುರುಮಾಡಿ ಹತ್ತು ಸಲ ಸಾಲಾಗಿ ಸೋತರೆ 10,230 ಬೇಕು ಅನ್ನುವ ಲೆಕ್ಕ ಆಗ ನನಗೆ ಹೊಳೆಯಲಿಲ್ಲ. ಭಾಗವತರು ಮಂಗಳ ಹಾಡುವ ಹೊತ್ತಿಗೆ ಚೀಲದಲ್ಲಿ 340 ಕಡಿಮೆ. ಅದರಲ್ಲಿ ಮೀನುಪೇಟೆ ಅಜ್ಜಿಯ ಒದ್ದೆ ನೋಟೂ ಇತ್ತು.

ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿಗೆ ಕಟ್ಟಬೇಕು. ಐದು ಗಂಟೆಗೆ ಅಕ್ಕನ ಮನೆಗೆ ಹೋದೆ. ನಿನ್ನ ಆಯಿ ಆಗ ದನ ಕರೆಯುತ್ತಿದ್ದಳು. ಹೇಳಿದೆ. ಅವಳು ಕರೆಯುವುದು ನಿಲ್ಲಿಸಲಿಲ್ಲ. ಚೆಂಬು ತುಂಬಿದ ಮೇಲೆ ಒಳಗೆ ಹೋಗಿ ಹಾಲಿನ ದುಡ್ಡು ತಂದು ಕೈಮೇಲೆ ಇಟ್ಟಳು. "ಯಾರದ್ದು ಅಂತ ನೋಡಿ ಕಟ್ಟಬೇಕಿತ್ತು ತಮ್ಮಾ" ಅಂದಳು, ಅಷ್ಟೇ. ತೀರಿಸಲು ನನಗೆ ಏಳು ತಿಂಗಳು ಹಿಡಿಯಿತು. ಭಾವನಿಗೂ ಅವಳು ಹೇಳಿದ ಹಾಗಿಲ್ಲ.

ಆದ್ದರಿಂದ ನಿನ್ನ 17 ದಿನ ನನಗೆ ಚೆನ್ನಾಗಿ ಗೊತ್ತು. ಅವತ್ತು ನೀನು ಆಡಿದ್ದು ಮೋಜಿಗಲ್ಲ, ಹೋದದ್ದನ್ನು ವಾಪಸ್ ತರಲು. ಮಿತಿ ಮುರಿಯುವುದು ಅಲ್ಲೇ. ಕಟ್ಟಿದವನು ನೀನೇ, ಕಾಯುವವನೂ ನೀನೇ ಆದರೆ ರಾತ್ರಿ ಹನ್ನೊಂದಕ್ಕೆ ಬೇಲಿ ಹಾರಲು ಯಾರ ಅಪ್ಪಣೆ ಬೇಕು?

ಇನ್ನು ಕಾನೂನು. 2025ರ ಆಗಸ್ಟಿನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. ದುಡ್ಡು ಕಟ್ಟಿ ಆಡಿಸುವುದೇ ನಿಷೇಧ. ಆಡಿಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡುವವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ ಅಂತ ನೀನು ಹೇಳಿದ್ದು ಸರಿ. ಆದರೆ ಬ್ಯಾಂಕುಗಳೂ ಇಂಥ ದುಡ್ಡು ದಾಟಿಸುವ ಹಾಗಿಲ್ಲ. ಹಾಗಾದರೆ ನಿನ್ನ ಯುಪಿಐ ಹೋಗುತ್ತಿರುವುದು ಎಲ್ಲಿಗೆ? ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತದೆ ಅಂದೆ. ಯಾರೋ ಬಾಡಿಗೆಗೆ ಕೊಟ್ಟ ಖಾತೆಗಳು ಅವು. ಅಂಥ ಖಾತೆಯಿಂದ ನಿನಗೆ ಗೆದ್ದ ದುಡ್ಡು ಬಂದು, ಪೊಲೀಸರು ಆ ಖಾತೆಯ ಬೆನ್ನು ಹತ್ತಿದರೆ ನಿನ್ನ ಸಂಬಳದ ಖಾತೆಯೂ ಫ್ರೀಜ್ ಆಗಬಹುದು. 96 ಬರುತ್ತದೋ 60 ಬರುತ್ತದೋ ನೋಡುವವರೂ ಅಲ್ಲಿ ಯಾರೂ ಇಲ್ಲ. ಬೋನಸ್ಸು ಇನ್ನೊಂದು. 1,000 ಬೋನಸ್ ಕೊಟ್ಟು, ಅದರ 30 ಪಟ್ಟು ಆಡಿದ ಮೇಲೆ ತೆಗೆ ಅಂದರೆ 30,000 ತಿರುಗಿಸಬೇಕು. ನೂರಕ್ಕೆ 4ರ ಹಾಗೆ 1,200 ಹೋಗುತ್ತದೆ. ಅವರು ಕೊಟ್ಟದ್ದಕ್ಕಿಂತ ಜಾಸ್ತಿ.

ಹಾಗಾಗಿ ಈ ಆಟಕ್ಕೆ ನನ್ನ ಹತ್ತಿರ ಮಿತಿ ಇಲ್ಲ, ಬಾಗಿಲು ಹಾಕು ಅಂತಲೇ ಹೇಳುತ್ತೇನೆ. ಬಣ್ಣ ನೋಡಬೇಕು, ತಿರುಗಿಸಬೇಕು ಅನ್ನಿಸಿದರೆ ದುಡ್ಡಿಲ್ಲದ್ದು ಆಡು, ನಾನೂ ಆಡುತ್ತೇನೆ. ಗೆಳೆಯರು ಪಣಜಿಯಲ್ಲಿ ಹೊಳೆ ಮೇಲಿನ ಕ್ಯಾಸಿನೊಗೆ ಕರೆದರೆ? ಗೋವೆಯಲ್ಲೇ ಕೆಲಸ ಮಾಡುವವನಿಗೆ ನಾನು ಕುಮಟೆಯಲ್ಲಿ ಕೂತು ಬೇಡ ಅಂದರೆ ಕೇಳುತ್ತೀಯ ಅಂತ ಖಾತ್ರಿ ಇಲ್ಲ. ಹೋದರೆ ನಗದು ಒಯ್ಯಿ, ಫೋನೂ ಕಾರ್ಡೂ ರೂಮಿನಲ್ಲಿ ಬಿಡು. ಒಯ್ದದ್ದು ಬಾಗಿಲಲ್ಲೇ ಖರ್ಚಾಯಿತು ಅಂತ ಬರೆದುಬಿಡು, ನಾಟಕದ ಟಿಕೆಟ್ಟಿನ ಹಾಗೆ.

ಹಾಳೆ ಮಾತ್ರ ಬಿಡಬೇಡ. ಒಳ್ಳೆಯ ಅಭ್ಯಾಸ ಅದು. ಸಂಬಳ ಬಂದ ದಿನ ಮೊದಲು ಬಾಡಿಗೆ, ಆಮೇಲೆ ಆಯಿಗೆ ಕಳಿಸುವುದು, ಆಮೇಲೆ ಆರ್‌ಡಿ. ಸಿನಿಮಾ, ಮೀನೂಟ, ಬೈಕು ಅಂತ ನಿನ್ನ ಮೋಜಿಗೆ ತಿಂಗಳಿಗೆ ಇಷ್ಟು ಅಂತ ಬೇರೆ ಖಾತೆಗೆ ಹಾಕು. ದಿನದ ಲೆಕ್ಕ ಬೇಡ, ದಿನಾ ಬೆಳಗಾದರೆ ಹೊಸ 300 ಹುಟ್ಟುತ್ತದೆ. ಯುಪಿಐ ಆ ಸಣ್ಣ ಖಾತೆಗೆ ಮಾತ್ರ ಇರಲಿ. ರಾತ್ರಿ ಹತ್ತಕ್ಕೆ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ. ಆ ಟೆಲಿಗ್ರಾಂ ಗುಂಪಿನಿಂದ ಇವತ್ತೇ ಹೊರಗೆ ಬಾ. ಲೋನ್ ಆ್ಯಪ್ ಏನಾದರೂ ಮುಟ್ಟಿದ್ದರೆ ಈಗಲೇ ಹೇಳು, ಬೈಯುವುದಿಲ್ಲ. ಬಿಡಬೇಕು ಅಂದರೂ ಬಿಡಲು ಆಗದೆ ನಿದ್ದೆ ಕೆಡುತ್ತಿದ್ದರೆ 14416ಕ್ಕೆ ಫೋನ್ ಮಾಡು. ಮಾನಸಿಕ ಆರೋಗ್ಯದ ಸಹಾಯವಾಣಿ ಅದು, ಸರ್ಕಾರದ್ದೇ, ಕನ್ನಡದಲ್ಲಿ ಮಾತಾಡುತ್ತಾರೆ.

23,500 ಹೋಯಿತು. ಅದನ್ನು ಖರ್ಚು ಅಂತ ಬರೆದು ಕೆಳಗೆ ಗೆರೆ ಎಳೆ. ಮುಂದಿನ ಶನಿವಾರ ರೈಲಿಗೆ ಬಾ, ಸ್ಟೇಷನ್ನಿಗೆ ನಾನೇ ಸ್ಕೂಟರ್ ತರುತ್ತೇನೆ. ಚಕ್ಕುಲಿ ಮೆತ್ತಗಾಗುವ ಮೊದಲು ಬಾ.

ಈ ಹಾಳೆಯ ವಿಷಯ ನಾನು ಆಯಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೀನೇ ಹೇಳಬೇಕು. ಹೇಗೆ ಶುರುಮಾಡಲಿ ಅನ್ನಿಸಿದರೆ 340 ರೂಪಾಯಿ ಕತೆ ಕೇಳು. ಮಾವ ಬರೆದಿದ್ದು ಅಂತ ಗೊತ್ತಾದರೂ ಅಡ್ಡಿಲ್ಲ.

ಇಂತಿ,
ನಿನ್ನ ಮಾವ