ಬೆಳ್ಳಿಯ ಕಾಲು ಮಾಯುವವರೆಗೆ

ಚಿ. ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಜೋರಾಗಿದೆ. ನಿನ್ನ ಅಮ್ಮ ಫೋನ್ ಮಾಡಿದ್ದಳು. ನಿಮ್ಮ ಮುಧೋಳದ ನಾಯಿ ಬೆಳ್ಳಿಯ ಹಿಂಗಾಲಿನ ಮೂಳೆ ಮುರಿದು, ಆಪರೇಷನ್ ಮಾಡಿ ಲೋಹದ ಪ್ಲೇಟ್ ಹಾಕಿಸಿ ಮನೆಗೆ ಕರೆತಂದಿದ್ದೀರಂತೆ. ರಾತ್ರಿಯೆಲ್ಲ ಕುಂಯ್‌ಗುಡುತ್ತದೆ ಅಂತ ನೀನು ಗಾಯ ನೆಕ್ಕದಂತೆ ಅದರ ಕೊರಳಿಗೆ ಹಾಕಿದ್ದ ಕೋನ್ ಬಿಚ್ಚಿಟ್ಟಿದ್ದೀಯಂತೆ. ಅದಕ್ಕೇ ಈ ಕಾಗದ. ಪಶು ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನು ನಾನು. ಆಪರೇಷನ್ ಚೆನ್ನಾಗಿ ಆಗಿ, ಮನೆಗೆ ಹೋದ ಮೇಲೆ ಕೆಟ್ಟುಹೋದ ಗಾಯಗಳನ್ನು ಬಹಳ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಮನೆಯವರ ಕನಿಕರದಿಂದಲೇ ಕೆಟ್ಟವು.

ಮೊದಲು ಆ ಕೋನ್ ಮತ್ತೆ ಹಾಕು. ಹಾಕಿ ಬಂದು ಆಮೇಲೆ ಮುಂದಕ್ಕೆ ಓದು.

ನಾಯಿಯ ನಾಲಿಗೆಯಲ್ಲೇ ಔಷಧಿ ಇದೆ, ನೆಕ್ಕಿಕೊಂಡರೆ ಬೇಗ ವಾಸಿಯಾಗುತ್ತದೆ ಅಂತ ಯಾರಾದರೂ ನಿನಗೆ ಹೇಳಿಯೇ ಇರುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. 1990ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು ನಾಯಿಯ ಜೊಲ್ಲನ್ನು ಪರೀಕ್ಷೆ ಮಾಡಿ ನೋಡಿದರು. ಒಂದೆರಡು ಬಗೆಯ ಬ್ಯಾಕ್ಟೀರಿಯಾ ಅದರಿಂದ ಸತ್ತವು. ಆದರೆ ಸ್ಟ್ಯಾಫಿಲೊಕಾಕಸ್ ಅನ್ನುವ ಜಾತಿಯ ಮೇಲೆ ಅಂಥ ಪರಿಣಾಮವೇನೂ ಕಾಣಲಿಲ್ಲ. ನಾಯಿಯ ಚರ್ಮದ ಗಾಯ ಕೀವಾಗುವುದು ಹೆಚ್ಚಾಗಿ ಆ ಜಾತಿಯಿಂದಲೇ. ಸಾಲದ್ದಕ್ಕೆ ನಾಯಿಯ ಬಾಯಲ್ಲಿ ಅದರದೇ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಕಾಡಿನಲ್ಲಿ ಮುಳ್ಳು ಚುಚ್ಚಿದ ಗಾಯದ ಮಣ್ಣು ತೆಗೆಯಲು ನೆಕ್ಕುವುದು ಉಪಯೋಗವೇ ಇರಬಹುದು. ಡಾಕ್ಟರು ಶುದ್ಧ ಮಾಡಿ, ಅಂಚಿಗೆ ಅಂಚು ಕೂಡಿಸಿ ಹೊಲಿದ ಗಾಯಕ್ಕೆ ಅದರಿಂದ ಬರುವುದು ಕೆಡುಕು ಮಾತ್ರ.

ಹಲ್ಲಿನ ವಿಷಯ ಇನ್ನೂ ಕಷ್ಟ. ಗಾಯ ಮಾಯುವಾಗ ತುರಿಕೆ ಆಗುತ್ತದೆ. ನಾಯಿ ಮುಂದಿನ ಸಣ್ಣ ಹಲ್ಲುಗಳಿಂದ ಹೊಲಿಗೆಯ ಗಂಟನ್ನು ಮೆಲ್ಲನೆ ಕಚ್ಚಿ ಎಳೆಯುತ್ತದೆ. ನೀನು ಅಡುಗೆಮನೆಗೆ ಹೋಗಿ ಹಾಲು ಕಾಯಿಸಿ ಬರುವಷ್ಟರಲ್ಲಿ ಪೂರ್ತಿ ಹೊಲಿಗೆ ಬಿಚ್ಚಿಟ್ಟಿರುತ್ತದೆ. ಮೊಣಕಾಲಿನ ಕೆಳಗಿನ ಮೂಳೆಗೆ ಪ್ಲೇಟ್ ಹಾಕುವಾಗ ಸಾಮಾನ್ಯವಾಗಿ ಕಾಲಿನ ಒಳಬದಿಯಿಂದ ಕೊಯ್ಯುತ್ತಾರೆ. ಮಲಗಿದ ನಾಯಿಗೆ ಬಾಯಿ ಸಲೀಸಾಗಿ ಸಿಗುವ ಜಾಗ ಅದು. ಒಳಗೆ ಲೋಹ ಬೇರೆ ಇದೆ. ಸೋಂಕು ಪ್ಲೇಟಿನವರೆಗೆ ಇಳಿದರೆ ಬ್ಯಾಕ್ಟೀರಿಯಾಗಳು ಲೋಹಕ್ಕೆ ಅಂಟಿ, ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಆಮೇಲೆ ಎಂಥ ಔಷಧಿಯೂ ಸರಿಯಾಗಿ ಒಳಗೆ ಹೋಗುವುದಿಲ್ಲ. ಕೆಲವು ಸಲ ಮತ್ತೆ ಆಪರೇಷನ್ ಮಾಡಿ ಪ್ಲೇಟನ್ನೇ ತೆಗೆಯಬೇಕಾಗುತ್ತದೆ.

ಕೋನ್ ಅಳತೆ ಸರಿ ಇದೆಯಾ ನೋಡು. ಅದರ ಅಂಚು ಮೂಗಿನ ತುದಿಗಿಂತ ಎರಡು ಮೂರು ಬೆರಳಿನಷ್ಟು ಮುಂದೆ ಬರಬೇಕು. ಕೊರಳಿನ ಪಟ್ಟಿಯೊಳಗೆ ನಿನ್ನ ಎರಡು ಬೆರಳು ತೂರುವಷ್ಟು ಸಡಿಲ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಮುಧೋಳದ ನಾಯಿಯ ತಲೆ ಕಿರಿದು, ಕುತ್ತಿಗೆ ಉದ್ದ. ಸ್ವಲ್ಪ ಸಡಿಲ ಇದ್ದರೂ ಹಿಂದಕ್ಕೆ ಜಾರಿ ತಲೆ ಬಿಡಿಸಿಕೊಳ್ಳುತ್ತದೆ. ಗಾಳಿ ತುಂಬಿಸುವ ಮೆತ್ತನೆಯ ಉಂಗುರ ಸಿಗುತ್ತದೆ, ನೋಡಲು ಹಿತವಾಗಿರುತ್ತದೆ. ಇಂಥ ಉದ್ದ ಕುತ್ತಿಗೆಯ ನಾಯಿಗೆ ಕೆಳಗಾಲಿನ ಗಾಯ ಇದ್ದಾಗ ಅದು ಸಾಲದು. ಬಾಯಿ ಹಿಂಗಾಲಿಗೆ ತಲುಪಿಯೇ ತಲುಪುತ್ತದೆ.

ಮೊದಲ ಎರಡು ದಿನ ಬಾಗಿಲಿಗೆ, ಕುರ್ಚಿಗೆ ಡಿಕ್ಕಿ ಹೊಡೆಯುತ್ತದೆ, ಮುಖ ಸಪ್ಪೆ ಮಾಡಿಕೊಂಡು ನಿಲ್ಲುತ್ತದೆ. ನೋಡುವುದು ಕಷ್ಟ ಅಂತ ನನಗೂ ಗೊತ್ತು ಮಗಳೇ. ಆಮೇಲೆ ಒಗ್ಗಿಕೊಳ್ಳುತ್ತದೆ. ಊಟದ ಬಟ್ಟಲನ್ನು ಒಂದು ಮಣೆಯ ಮೇಲೆ ಎತ್ತರಿಸಿ ಇಡು, ಕೋನ್ ಅಂಚು ನೆಲಕ್ಕೆ ತಾಗದೆ ತಿನ್ನಬಹುದು. ಅದಕ್ಕೂ ಒಪ್ಪದಿದ್ದರೆ ತಿನ್ನುವ ಹೊತ್ತಿಗೆ ಮಾತ್ರ ತೆಗೆದು, ನೀನು ಪಕ್ಕದಲ್ಲೇ ಕೂತಿದ್ದು, ಬಟ್ಟಲು ಖಾಲಿಯಾದ ಕೂಡಲೇ ಹಾಕು. ರಾತ್ರಿ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡ. ಮನೆಯವರೆಲ್ಲ ಮಲಗಿರುವಾಗ ಅದಕ್ಕೆ ಮಾಡಲು ಬೇರೆ ಕೆಲಸ ಇರುವುದಿಲ್ಲ, ಅಲ್ವಾ?

ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಅಂದೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡ. ಹೊರಗೆ ಕೂಡಿಕೊಂಡಂತೆ ಕಂಡರೂ ಆ ಹೊತ್ತಿಗೆ ಚರ್ಮಕ್ಕೆ ಮೊದಲಿನ ಬಲದ ಕಾಲು ಭಾಗವೂ ಬಂದಿರುವುದಿಲ್ಲ. ಕಚ್ಚಾ ಹೊಲಿಗೆ ಹಾಕಿದ ಬಟ್ಟೆಯ ಹಾಗೆ, ಜೋರಾಗಿ ಎಳೆದರೆ ಬಿಟ್ಟುಕೊಳ್ಳುತ್ತದೆ. ಹೊಲಿಗೆ ಬಿಚ್ಚಿದ ಮೇಲೆ ಕೋನ್ ಇನ್ನೂ ಎಷ್ಟು ದಿನ ಇರಲಿ ಅಂತ ಡಾಕ್ಟರನ್ನು ಕೇಳಿಕೋ. ಮೊಣಕಾಲಿನಿಂದ ಕೆಳಗೆ ಮಾಂಸ ಕಡಿಮೆ, ಚರ್ಮ ಬಿಗಿ. ಬೆಳ್ಳಿಯಂಥ ಬಡಕಲು ಮೈಯ ತಳಿಗೆ ಚರ್ಮವೂ ತೆಳು. ಹೊಟ್ಟೆಯ ಮೇಲಿನ ಗಾಯ ಮಾಯುವಷ್ಟು ಸಲೀಸಾಗಿ ಕೆಳಗಾಲಿನ ಗಾಯ ಮಾಯುವುದಿಲ್ಲ.

ಇನ್ನು ಬ್ಯಾಂಡೇಜು. ಪಾದದ ನಡುವಿನ ಎರಡು ಬೆರಳಿನ ತುದಿ ಕಾಣುವ ಹಾಗೆ ಕಟ್ಟಿರುತ್ತಾರೆ. ಅದು ನೀನು ನೋಡಲಿ ಅಂತಲೇ. ಬೆಳಿಗ್ಗೆ, ಸಂಜೆ ಆ ಬೆರಳುಗಳನ್ನು ಮುಟ್ಟಿ ನೋಡು. ಬೆಚ್ಚಗಿರಬೇಕು, ಉಗುರುಗಳು ಒಂದಕ್ಕೊಂದು ಹತ್ತಿರ ಇರಬೇಕು. ಬೆರಳು ತಣ್ಣಗಾಗಿದ್ದರೆ, ಊದಿ ಉಗುರುಗಳು ದೂರ ಸರಿದಿದ್ದರೆ ಬ್ಯಾಂಡೇಜು ಬಿಗಿಯಾಗಿ ರಕ್ತ ಓಡಾಡುತ್ತಿಲ್ಲ ಅಂತ ಅರ್ಥ. ನಾಳೆ ನೋಡೋಣ ಅನ್ನಬೇಡ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡು. ಬಿಗಿಯಾದ ಬ್ಯಾಂಡೇಜಿನಿಂದ ಪಾದವನ್ನೇ ಕಳೆದುಕೊಂಡ ನಾಯಿಗಳಿವೆ. ಬ್ಯಾಂಡೇಜು ಜಾರಿದರೆ, ಒದ್ದೆಯಾದರೆ, ವಾಸನೆ ಬಂದರೆ ಅಥವಾ ಇದ್ದಕ್ಕಿದ್ದಂತೆ ಬೆಳ್ಳಿ ಅದನ್ನೇ ಕಚ್ಚಲು ಹಟ ಹಿಡಿದರೆ ಆಗಲೂ ತೋರಿಸಬೇಕು. ನೀನೇ ಬಿಚ್ಚಿ ಮತ್ತೆ ಕಟ್ಟಲು ಹೋಗಬೇಡ. ಎಷ್ಟು ಬಿಗಿ ಕಟ್ಟಬೇಕು ಅನ್ನುವುದು ಕೈಗೆ ಬರಲು ವರ್ಷಗಳು ಬೇಕು.

ಮೈಸೂರಿನಲ್ಲೂ ಈಗ ಸೋನೆ ಮಳೆ ಇರುತ್ತದೆ. ಮೂತ್ರಕ್ಕೆ ಹೊರಗೆ ಕರೆದುಕೊಂಡು ಹೋಗುವಾಗ ಪಾದ ಒದ್ದೆಯಾಗಬಾರದು. ಆಸ್ಪತ್ರೆಯಲ್ಲಿ ಖಾಲಿ ಗ್ಲೂಕೋಸ್ ಬ್ಯಾಗ್ ಕೇಳು, ಕೊಡುತ್ತಾರೆ. ಒಂದು ತುದಿ ಕತ್ತರಿಸಿ ಒಣಗಿಸಿದರೆ ಒಳ್ಳೆಯ ಬೂಟು. ಅದು ಸಿಗದಿದ್ದರೆ ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರ್ ಆದೀತು. ಕಟ್ಟಲು ರಬ್ಬರ್ ಬ್ಯಾಂಡ್ ಮಾತ್ರ ಬೇಡ. ಮರೆತು ಬಿಟ್ಟರೆ ಅದು ಕೂದಲೊಳಗೆ ಮುಚ್ಚಿಹೋಗಿ, ಚರ್ಮ ಕೊಯ್ದುಕೊಂಡು ಒಳಗಿಳಿಯುತ್ತದೆ. ಒಂದು ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟು. ಒಳಗೆ ಬಂದ ತಕ್ಷಣ ಕವರ್ ತೆಗೆದುಬಿಡು. ನಾಯಿಗೆ ಅಂಗಾಲು ಬೆವರುತ್ತದೆ, ಕವರಿನೊಳಗೆ ಬೆವರಿ ಬ್ಯಾಂಡೇಜು ಒದ್ದೆಯಾಗುತ್ತದೆ. ಹೊಲಿಗೆ ಬಿಚ್ಚಿ ಡಾಕ್ಟರು ಸರಿ ಅನ್ನುವವರೆಗೆ ಸ್ನಾನದ ಮಾತೇ ಬೇಡ.

ಮಳೆಗಾಲದಲ್ಲಿ ನನಗೆ ಬ್ಯಾಕ್ಟೀರಿಯಾಕ್ಕಿಂತ ಹೆಚ್ಚು ಹೆದರಿಕೆ ನೊಣದ್ದು. ಹಸಿ ಗಾಯದ ಮೇಲೆ, ರಸ ಇಳಿದ ಬ್ಯಾಂಡೇಜಿನ ಅಂಚಿನಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಮರಿ ಹೊರಬರುತ್ತದೆ. ಅದನ್ನೇ ಹುಳ ಬೀಳುವುದು ಅನ್ನುತ್ತೇವೆ. ಹೊರಗೆ ಸಣ್ಣ ತೂತು ಕಂಡರೆ ಒಳಗೆ ದೊಡ್ಡ ಗವಿಯೇ ಆಗಿರಬಹುದು. ಬೆಳ್ಳಿಯನ್ನು ಹಿತ್ತಲಿನಲ್ಲಾಗಲಿ ಪೋರ್ಟಿಕೋದಲ್ಲಾಗಲಿ ಕಟ್ಟಬೇಡ. ಮನೆಯೊಳಗೆ ಇರಿಸು, ಕಿಟಕಿಗೆ ಜಾಲರಿ ಇಲ್ಲದಿದ್ದರೆ ಹಗಲೂ ಸೊಳ್ಳೆಪರದೆ ಬಿಡು. ಹಾಸಿಗೆಯ ಬಟ್ಟೆಯನ್ನು ದಿನಾ ಬದಲಿಸು. ಕೆಟ್ಟ ವಾಸನೆ ಬಂದರೆ, ಗಾಯದಲ್ಲಿ ಏನೋ ಅಲುಗಿದಂತೆ ಕಂಡರೆ ಸೀಮೆಎಣ್ಣೆ, ಪೆಟ್ರೋಲು, ಫಿನಾಯಿಲು ಸುರಿಯುವ ಹಳ್ಳಿ ಮದ್ದು ಮಾಡಬೇಡ. ಒಳಗಿನ ಜೀವಂತ ಮಾಂಸವನ್ನೂ ಅವು ಸುಡುತ್ತವೆ. ಇರುವೆ ಬರುತ್ತದೆ ಅಂತ ಹಾಸಿಗೆಯ ಸುತ್ತ ಇರುವೆ ಚಾಕ್‌ನ ಗೆರೆ ಎಳೆಯುವುದೂ ಬೇಡ. ಅದು ವಿಷ, ನಾಯಿ ನೆಲ ನೆಕ್ಕುತ್ತದೆ.

ಅರಿಶಿನ, ಕಾಫಿಪುಡಿ, ಸುಣ್ಣ, ತೆಂಗಿನೆಣ್ಣೆ ಯಾವುದನ್ನೂ ಹೊಲಿಗೆಯ ಮೇಲೆ ಮೆತ್ತಬೇಡ. ನೀನು ಅಡುಗೆಮನೆಯ ಡಬ್ಬಿಯಿಂದ ತೆಗೆದ ಅರಿಶಿನ ಶುದ್ಧವಾದ ಔಷಧಿ ಅಲ್ಲ. ಹೊಲಿದ ಗಾಯಕ್ಕೆ ಬೇಕಾದದ್ದು ಒಣಗಿರುವುದು, ಸುಮ್ನೆ ಬಿಡುವುದು. ಒರೆಸಿ ಎಂದು ಡಾಕ್ಟರು ಹೇಳಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿ, ಹತ್ತಿಯ ಬದಲು ಗಾಯಕ್ಕೆ ಕಟ್ಟುವ ಜಾಳು ಜಾಳಾದ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆ. ಹತ್ತಿಯ ಎಳೆ ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಹಾಕಿದರೆ ಹೊಸದಾಗಿ ಬೆಳೆಯುವ ಚರ್ಮವೇ ಸಾಯುತ್ತದೆ.

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೋ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಮಗೆ ಸಾಮಾನ್ಯ ಮಾತ್ರೆಗಳು. ನಾಯಿಗೆ ಇವುಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಯಕೃತ್ತು, ಮೂತ್ರಪಿಂಡ ಕೆಡಬಹುದು. ಪಕ್ಕದ ಮನೆಯವರು ನಮ್ಮ ನಾಯಿಗೆ ಕೊಟ್ಟಿದ್ದೆವು, ಏನೂ ಆಗಲಿಲ್ಲ ಅಂದರೂ ಕೇಳಬೇಡ. ಡಾಕ್ಟರು ಬರೆದ ನೋವಿನ ಔಷಧಿಯನ್ನು ಊಟದ ಜೊತೆಗೆ, ಹೇಳಿದ ಅಳತೆಯಲ್ಲೇ ಕೊಡು. ವಾಂತಿಯಾದರೆ, ಮಲ ಕಪ್ಪಗಾದರೆ ನಿಲ್ಲಿಸಿ ಫೋನ್ ಮಾಡು. ಆಂಟಿಬಯೋಟಿಕ್ ಅನ್ನು ಗಾಯ ಚೆನ್ನಾಗಿ ಕಾಣುತ್ತದೆ ಅಂತ ನಡುವೆ ಬಿಡಬಾರದು. ಮಾತ್ರೆ ನುಂಗದಿದ್ದರೆ ಇಡ್ಲಿ ತುಂಡಿನೊಳಗೋ ರಾಗಿಮುದ್ದೆಯ ಉಂಡೆಯೊಳಗೋ ಇಟ್ಟು ಕೊಡು. ಓಡಾಟ ಇಲ್ಲದಿರುವಾಗ ಊಟ ಸ್ವಲ್ಪ ಕಡಿಮೆ ಮಾಡು. ತೂಕ ಏರಿದರೆ ಆ ಭಾರ ಬೀಳುವುದು ಮುರಿದ ಕಾಲಿನ ಮೇಲೆ.

ಗಾಯದಷ್ಟೇ ಮುಖ್ಯ ಅದರ ಓಟ ತಡೆಯುವುದು. ಬಾಗಲಕೋಟೆ ಕಡೆಯ ಈ ತಳಿ ಬೇಟೆಗಾಗಿಯೇ ಬೆಳೆದು ಬಂದದ್ದು, ಕಣ್ಣಿಂದ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲಿದೆ. ಕಾಂಪೌಂಡಿನ ಮೇಲೆ ಬೆಕ್ಕು ಕಂಡರೆ ತನ್ನ ಕಾಲು ಮುರಿದಿದೆ ಅನ್ನುವುದು ಅದಕ್ಕೆ ನೆನಪಿರುವುದಿಲ್ಲ. ಒಂದು ಚಿಕ್ಕ ಕೋಣೆ ಕೊಡು, ರಸ್ತೆ ಕಡೆಯ ಕಿಟಕಿಗೆ ಪರದೆ ಎಳೆ. ನಿಮ್ಮ ಮನೆಯ ಟೈಲ್ಸ್ ನೆಲ ಬಹಳ ಜಾರುತ್ತದೆ. ಅದು ಓಡಾಡುವ ದಾರಿಯುದ್ದಕ್ಕೂ ಗೋಣಿಚೀಲವೋ ಜಮಖಾನವೋ ಹಾಸು. ಮೈಯಲ್ಲಿ ಕೊಬ್ಬಿಲ್ಲದ ಕಾರಣ ಬರೀ ನೆಲದ ಮೇಲೆ ಮಲಗಿದರೆ ಮೊಣಕೈ ಹತ್ತಿರ ಹುಣ್ಣಾಗುತ್ತದೆ, ಹಾಸಿಗೆ ದಪ್ಪ ಇರಲಿ. ಮೆಟ್ಟಿಲು, ಸೋಫಾ, ಮಂಚ ಮೂರಕ್ಕೂ ತಡೆ ಇರಲಿ. ಹೊರಗೆ ಹೋಗುವಾಗ ಚಿಕ್ಕ ಸರಪಳಿ ಅಥವಾ ಪಟ್ಟಿ ಇರಲೇಬೇಕು. ಅಪ್ಪನ ಹಳೆಯ ಪಂಚೆಯನ್ನು ಮಡಿಸಿ ಹೊಟ್ಟೆಯ ಕೆಳಗೆ ಹಿಂಗಾಲಿನ ಮುಂದೆ ಹಾಯಿಸಿ, ಎರಡು ತುದಿ ಮೇಲಕ್ಕೆ ಹಿಡಿದುಕೊಂಡರೆ ಹಿಂದಿನ ಭಾರ ನಿನ್ನ ಕೈಗೆ ಬರುತ್ತದೆ. ಹತ್ತಿರದವರೆಲ್ಲ ನೋಡಲು ಬರುತ್ತಾರೆ. ಬೆಳ್ಳಿ ಅವರನ್ನು ಕಂಡು ನೆಗೆಯುತ್ತದೆ ಅಂತಾದರೆ ಒಂದು ತಿಂಗಳು ಬರಬೇಡಿ ಅಂತ ನೇರವಾಗಿ ಹೇಳಿಬಿಡು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲ ಕೆಲವು ದಿನ ಗಾಯದ ಸುತ್ತ ಸ್ವಲ್ಪ ಬಾವು, ಕೆಂಪು ಇರುವುದು ಸಹಜ. ದಿನದಿಂದ ದಿನಕ್ಕೆ ಅದು ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ, ಹಳದಿ ಹಸಿರು ಕೀವು ಬಂದರೆ, ಹೊಲಿಗೆ ಬಾಯಿ ಬಿಟ್ಟರೆ ತೋರಿಸು. ನಾಯಿಯ ಮೈ ಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, 103 ದಾಟಿದರೆ ಡಾಕ್ಟರಿಗೆ ತಿಳಿಸು. ಕಾಲು ಊರಲು ಶುರುಮಾಡಿದ್ದ ನಾಯಿ ಒಂದು ದಿನ ಇದ್ದಕ್ಕಿದ್ದಂತೆ ಕಾಲು ಎತ್ತಿಬಿಟ್ಟರೆ ಒಳಗೆ ಪ್ಲೇಟೋ ಸ್ಕ್ರೂವೋ ಸಡಿಲ ಆಗಿರಬಹುದು, ಆಗ ತಡ ಮಾಡಬೇಡ. ದಿನಾ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಗಾಯದ ಫೋಟೋ ತೆಗೆದಿಡು. ನಿನ್ನೆಯದಕ್ಕೂ ಇವತ್ತಿಗೂ ಹೋಲಿಸಿ ನೋಡಬಹುದು. ನನಗೂ ವಾಟ್ಸಾಪಿನಲ್ಲಿ ಕಳಿಸು, ಈ ಕಣ್ಣಿಗೆ ಇನ್ನೂ ಕೀವಿನ ಬಣ್ಣ ಗೊತ್ತಾಗುತ್ತದೆ.

ಮೂಳೆ ಕೂಡಿದೆಯಾ ಅಂತ ನೋಡಲು 6ರಿಂದ 8 ವಾರಕ್ಕೆ ಎಕ್ಸ್‌ರೇ ತೆಗೆಯುತ್ತಾರೆ. ಚರ್ಮ ಮಾಯ್ದು ಕೂದಲು ಬಂದಿದ್ದರೂ ಆ ಎಕ್ಸ್‌ರೇ ನೋಡಿ ಡಾಕ್ಟರು ಹೇಳುವವರೆಗೆ ಸರಪಳಿ ಬಿಚ್ಚಿ ಓಡಲು ಬಿಡಬೇಡ. ಯಾವ ದಿನ ಬರಬೇಕು ಅಂತ ಈಗಲೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ. ದೊಡ್ಡಮ್ಮ ಕೇಳಿದಳು ಅಂತ ಅಪ್ಪ ಅಮ್ಮನಿಗೆ ಹೇಳು. ಶನಿವಾರ ಸಂಜೆ ಫೋನ್ ಮಾಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ